ನಲವತ್ತು ಡೆಸ್ಕ್‌ಟಾಪು, ಎರಡು ಸರ್ವರು

ನಮ್ಮ ಲ್ಯಾಬಿನ 40 ಕಂಪ್ಯೂಟರುಗಳಲ್ಲಿ ಇರೋದು ತಲಾ 4 ಜಿಬಿ ರ‍್ಯಾಮ್. ಬ್ರೌಸರಲ್ಲಿ ಮೂರು ಟ್ಯಾಬ್ ತೆರೆದು ಪಕ್ಕದಲ್ಲಿ ಎಡಿಟರ್ ಹಾಕಿದರೆ ಮೌಸ್ ನಿದ್ದೆ ಹೋಗುತ್ತೆ. ಲ್ಯಾಪ್‌ಟಾಪ್ ಇರೋರು ಬ್ಯಾಗಿಂದ ತೆಗೆದು ಕೂತ್ಕೋತಾರೆ. ಇಲ್ಲದವರು ಸೆಕ್ಷನ್ನಲ್ಲಿ 11 ಜನ ಇದ್ದೇವೆ, ಹೆಚ್ಚಿನವರು ಹಾಸ್ಟೆಲ್‌ನವರು. ನಮಗೆ ಲ್ಯಾಬೇ ಕಂಪ್ಯೂಟರು.

ಹಾಗಾಗಿ ಹಳೇ ಪಿಸಿಗಳನ್ನು ಬರೀ ಪರದೆ, ಕೀಬೋರ್ಡಿಗೆ ಉಳಿಸಿಕೊಂಡು, ಡೆಸ್ಕ್‌ಟಾಪುಗಳನ್ನೆಲ್ಲ ಸರ್ವರ್ ಒಳಗೆ ವರ್ಚುವಲ್ ಮಷೀನುಗಳಾಗಿ ಓಡಿಸೋಣ ಅಂತ ವಿಭಾಗದಲ್ಲಿ ತೀರ್ಮಾನ ಆದಾಗ ನಮಗೆ ಹಬ್ಬ. ಎಂಥ ಸರ್ವರ್ ಬೇಕು ಅಂತ ಲೆಕ್ಕ ಹಾಕೋದನ್ನು ಸರ್ ನಮಗೇ ಮಿನಿ ಪ್ರಾಜೆಕ್ಟಾಗಿ ಕೊಟ್ಟರು.

ಯಾರಿಗೆ ಹೇಳಿದರೂ ಮೊದಲ ಪ್ರಶ್ನೆ 'ಪ್ರೊಸೆಸರ್ ಯಾವ್ದು?' ಅಸಲಿಗೆ ಪ್ರೊಸೆಸರ್ ಹಂಚಿಕೊಂಡು ತಿನ್ನೋ ವಸ್ತು. ಒಬ್ಬ ಕೋಡ್ ನೋಡ್ತಾ ತಲೆ ಕೆರೆದುಕೊಳ್ಳುವಾಗ ಅವನ ಪಾಲಿನ ಕೋರ್ ಇನ್ನೊಬ್ಬನ ಕಂಪೈಲಿಗೆ ಸಿಗುತ್ತೆ. ಆದ್ದರಿಂದ ಒಂದು ನಿಜವಾದ ಕೋರಿಗೆ ನಾಲ್ಕು ವರ್ಚುವಲ್ ಕೋರ್ ಕಟ್ಟಿದರೂ ಲ್ಯಾಬ್ ಕೆಲಸ ನಡೆಯುತ್ತೆ. ರ‍್ಯಾಮ್ ಹಾಗಲ್ಲ. ಅದು ಬಸ್ ಸೀಟಿನ ಥರ, ಕರ್ಚೀಫ್ ಹಾಕಿದರೆ ಮುಗೀತು. ಲಿನಕ್ಸಲ್ಲಿ ಒಂದೇ ರೀತಿಯ ಮೆಮೊರಿ ಪುಟಗಳನ್ನು ಒಂದಾಗಿಸುವ ಕೆಎಸ್‌ಎಂ ಅನ್ನೋ ಸೌಲಭ್ಯ ಇದೆ ನಿಜ. ಅದನ್ನೇ ನಂಬಿ ರ‍್ಯಾಮ್ ಕಡಿಮೆ ಕೊಳ್ಳೋದು ಮದುವೆಗೆ ಅರ್ಧ ಜನ ಬರಲ್ಲ ಅಂತ ಅಡುಗೆ ಮಾಡಿಸಿದ ಹಾಗೆ.

ಅದಕ್ಕಿಂತ ದೊಡ್ಡ ತಲೆನೋವು ಡಿಸ್ಕು. ಬೆಳಿಗ್ಗೆ 9 ಗಂಟೆಗೆ 40 ಜನ ಒಟ್ಟಿಗೆ ಆನ್ ಮಾಡ್ತೀವಿ. ಇದಕ್ಕೆ ಬೂಟ್ ಸ್ಟಾರ್ಮ್ ಅಂತಾರೆ. 7200 ಆರ್‌ಪಿಎಂನ ತಿರುಗುವ ಹಾರ್ಡ್ ಡಿಸ್ಕು ಅಲ್ಲೊಂದು ಇಲ್ಲೊಂದು ಕಡೆಯಿಂದ ಓದುವಾಗ ಸೆಕೆಂಡಿಗೆ ನೂರರ ಆಸುಪಾಸು ಕೋರಿಕೆ ಪೂರೈಸಿದರೆ ಹೆಚ್ಚು. ಒಂದೇ ನಲ್ಲಿ, ನಲವತ್ತು ಬಿಂದಿಗೆ! ಎಸ್‌ಎಸ್‌ಡಿ ಬಿಟ್ಟು ಬೇರೆ ಮಾತೇ ಇಲ್ಲ. ಅದರಲ್ಲೂ ಕರೆಂಟ್ ಹೋದಾಗ ಕೈಯಲ್ಲಿದ್ದ ಡೇಟಾ ಬರೆದು ಮುಗಿಸುವಷ್ಟು ಚಾರ್ಜ್ ಹಿಡಿದಿಡುವ ಕೆಪಾಸಿಟರ್ ಇರೋ ಸರ್ವರ್ ದರ್ಜೆಯದ್ದೇ ಬೇಕು. ನಮ್ಮೂರಿನ ಕರೆಂಟ್ ವಿಷಯ ನಿಮಗೆ ಗೊತ್ತಲ್ಲ.

ಜಗಳ ಆಗಿದ್ದು ಒಂದು ದೊಡ್ಡ ಸರ್ವರೋ, ಎರಡು ಸಣ್ಣವೋ ಅನ್ನೋದರ ಮೇಲೆ. ನಮ್ಮಲ್ಲೇ ಒಬ್ಬ, 'ಲೋ, ಒಂದೇ ತಗೊಂಡ್ರೆ ಅಗ್ಗ ಕಣ್ರೋ, ನೋಡ್ಕೊಳ್ಳೋದೂ ಸುಲಭ' ಅಂದ. ತಪ್ಪೇನಲ್ಲ. ಆದರೆ ಲ್ಯಾಬ್ ಇಂಟರ್ನಲ್ ದಿನ ಆ ಒಂದರ ಮದರ್‌ಬೋರ್ಡ್ ಕೈಕೊಟ್ಟರೆ 40 ಪರದೆಯೂ ಕಪ್ಪು. ಲ್ಯಾಪ್‌ಟಾಪ್ ಇರೋರು ಹೇಗೋ ಬಚಾವ್, ನಾವು?

ಕೊನೆಗೆ ಎರಡಕ್ಕೇ ನಿಂತೆವು. ತಲಾ 16 ಕೋರ್, 128 ಜಿಬಿ ಇಸಿಸಿ ರ‍್ಯಾಮ್. ದಿನಾ ಒಂದೊಂದರಲ್ಲಿ 20 ಡೆಸ್ಕ್‌ಟಾಪು, ಪ್ರತಿಯೊಂದಕ್ಕೂ 2 ವರ್ಚುವಲ್ ಕೋರ್, 4 ಜಿಬಿ. ಅಂದರೆ 80 ಜಿಬಿ ಖರ್ಚು. ಒಂದು ಮಲಗಿದರೆ ಇನ್ನೊಂದು ತನ್ನ ಓಡಾಟಕ್ಕೆ 8 ಜಿಬಿ ಇಟ್ಟುಕೊಂಡು 30 ಡೆಸ್ಕ್‌ಟಾಪ್ ಹೊರುತ್ತೆ. ಉಳಿದ 10 ಜನ ಪಕ್ಕದವರ ಜೊತೆ ಕೂರಬಹುದು, ಅಥವಾ ಎರಡನೇ ಬ್ಯಾಚಲ್ಲಿ ಬರೆಯಬಹುದು. ಎಂಟು ಮೆಮೊರಿ ಚಾನೆಲ್ ಇರೋ ಪ್ರೊಸೆಸರ್ ಬಂದರೆ 64 ಜಿಬಿಯ ಎರಡು ಕಡ್ಡಿ ಬೇಡ, 16 ಜಿಬಿಯ ಎಂಟು ಹಾಕಿ ಅಂತಲೂ ಬರೆದೆವು. ಎಲ್ಲ ಚಾನೆಲ್ ತುಂಬಿದರೇ ಪೂರ್ತಿ ವೇಗ.

ಕ್ಯಾಡ್‌ನವರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತೆ, ಅದು ಬೇರೆಯೇ ಬಜೆಟ್ಟು, ನಾವು ಕೈ ಹಾಕಲಿಲ್ಲ. 1ಯು ಪೆಟ್ಟಿಗೆ ಬೇಡ ಅಂತ ಮಾತ್ರ ಒತ್ತಿ ಹೇಳಿದೆವು. ಅದರ ಪುಟ್ಟ ಫ್ಯಾನುಗಳು ಕಿರುಚೋಕೆ ಶುರು ಮಾಡಿದರೆ ಗೋಡೆಯಾಚೆ ಮ್ಯಾಥ್ಸ್ ಮೇಡಂ ಕ್ಲಾಸ್ ಬಿಟ್ಟು ಬಂದುಬಿಡ್ತಾರೆ.

ವರದಿ ಈಗ ಖರೀದಿ ಸಮಿತಿ ಮುಂದಿದೆ. ಸೋಮವಾರ ಕರೆದಿದ್ದಾರೆ. ಎರಡು ಯಾಕೆ ಅಂತ ಕೇಳೇ ಕೇಳ್ತಾರೆ. ಉತ್ತರ ಹೇಳೋಕೆ 11 ಜನವೂ ಹೋಗ್ತಿದ್ದೇವೆ.