ಗುಂಡಿನಚ್ಚು

ಮೊದಲ ನೋಟಕ್ಕೆ ಅದು ಅಡಕೊತ್ತು. ಅದೇ ಎರಡು ಹಿಡಿ, ನಡುವೆ ಅದೇ ಮೊಳೆ. ಬಿಚ್ಚಿದಾಗಲೇ ಗೊತ್ತಾಗುವುದು, ಅದರ ಬಾಯಲ್ಲಿ ಅಲಗಿಲ್ಲ ಎಂದು. ಎರಡೂ ದವಡೆಗಳಲ್ಲಿ ಅರ್ಧರ್ಧ ಗಜ್ಜುಗ ಕೂರುವಷ್ಟು ಗುಳಿ, ಮೇಲುಗಡೆ ಒಂದು ಸಣ್ಣ ತೂತು. ಹಿಡಿ ಒತ್ತಿದರೆ ಎರಡು ಗುಳಿಗಳು ಕೂಡಿ ಒಳಗೊಂದು ದುಂಡನೆಯ ಟೊಳ್ಳು. ಆ ಟೊಳ್ಳಿನಲ್ಲಿ ಎಷ್ಟೋ ವರ್ಷ ಸೀಸ ಇಳಿದು ಗುಂಡಾಗಿ ಹೊರಬಂದಿತ್ತು.

ಇದನ್ನು ನಾನು ನೋಡಿದ್ದು ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಲ್ಲಿ. ಹೊಲ ಕಾಯುವ ಕೆಲಸದ ಮಾತುಗಳನ್ನು ಕಲೆಹಾಕಲು ಹೋಗಿದ್ದೆ. ಕವಣಿ, ಅಟ್ಟಣಿಗೆ, ಬೆದರುಬೊಂಬೆ ಎಂದು ಪಟ್ಟಿ ಬೆಳೆಯುತ್ತಿತ್ತು. ಎಂಬತ್ತು ದಾಟಿದ ಅಜ್ಜ ಕವಣಿಯ ಬಗ್ಗೆ ಹೇಳುತ್ತ ಹೇಳುತ್ತ ಎದ್ದು ಒಳಗೆ ಹೋದ. ಬಂದಾಗ ಕೈಯಲ್ಲಿ ಇದಿತ್ತು. “ನೋಡು ತಮ್ಮಾ. ನೋಡಾಕ ಅಡ್ಡಿಯಿಲ್ಲ, ಬರಕೋಬ್ಯಾಡ” ಎಂದ. ಪೆನ್ನು ಜೇಬಿಗೆ ಹಾಕಿದೆ.

ಅಜ್ಜನ ಅಪ್ಪನಿಗೆ ಬೆಳೆ ಕಾಯಲು ಪರವಾನಗಿ ಇದ್ದ ಬಂದೂಕಿತ್ತಂತೆ. ಬಾಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯುವ ಹಳೇ ಬಂದೂಕು. ಅಪ್ಪ ತೀರಿಕೊಂಡ ಮೇಲೆ ಪರವಾನಗಿಯನ್ನು ಮಗನ ಹೆಸರಿಗೆ ಮಾಡಿಸಿಕೊಳ್ಳುವ ಓಡಾಟ ಯಾರಿಗೂ ಬೇಡವಾಯಿತು. ಬಂದೂಕು ಸರ್ಕಾರಕ್ಕೆ ಹೋಯಿತು, ಅಚ್ಚು ಮನೆಯಲ್ಲೇ ಉಳಿಯಿತು. ಬೇರೆ ಬಂದೂಕಿಗಾದರೂ ಬಂದೀತಲ್ಲ ಎಂದು ಕೇಳಿದೆ. ಅಜ್ಜ ನಕ್ಕುಬಿಟ್ಟ. “ಒಬ್ರ ಕಾಲಿನ ಕೆರ ಇನ್ನೊಬ್ರಿಗೆ ಆಗ್ತದೇನು?”

ಆ ಮಾತಿನಲ್ಲಿ ಒಂದು ಇತಿಹಾಸವೇ ಇದೆ. ಕೈಯಿಂದ ಮಾಡುತ್ತಿದ್ದ ಕಾಲದಲ್ಲಿ ಎರಡು ಬಂದೂಕುಗಳ ನಳಿಗೆಯ ಒಳಅಗಲ ಒಂದೇ ಇರುತ್ತಿರಲಿಲ್ಲ. ಹಾಗಾಗಿ ಎಷ್ಟೋ ಬಂದೂಕುಗಳ ಜೊತೆ ಅದರದೇ ಅಚ್ಚನ್ನೂ ಮಾಡಿ ಕೊಡುತ್ತಿದ್ದರು. ಇಂಗ್ಲಿಷರಂತೂ ನಳಿಗೆಯ ಅಗಲವನ್ನು ಗುಂಡಿನ ತೂಕದಿಂದಲೇ ಅಳೆದರು. ಒಂದು ಪೌಂಡ್ ಸೀಸದಲ್ಲಿ 12 ಸಮನಾದ ಗುಂಡು ಮಾಡಿದರೆ ಅದರಲ್ಲೊಂದು ಯಾವ ನಳಿಗೆಗೆ ಸರಿಯಾಗಿ ಕೂರುತ್ತದೋ ಅದು 12 ಬೋರ್. ಇವತ್ತಿಗೂ ಆ ಹೆಸರೇ ನಡೆಯುತ್ತಿದೆ.

ಸುಗ್ಗಿಗೆ ಮೊದಲು ಗುಂಡು ಎರೆಯುವ ಕೆಲಸವಿರುತ್ತಿತ್ತು. ಅದು ಒಬ್ಬರ ಕೆಲಸವಲ್ಲ. ಯಾರೋ ಹರಿದ ಬೀಸುಬಲೆಯ ಅಂಚಿನ ಸೀಸ ತರುತ್ತಿದ್ದರು, ಇನ್ಯಾರೋ ಕುಲುಮೆಯ ಇದ್ದಿಲು. ಸೀಸ ಕರಗಲು 327 ಡಿಗ್ರಿ ಸಾಕು. ಒಲೆಯ ಕೆಂಡಕ್ಕೂ ಅದು ಬಗ್ಗುತ್ತದೆ. ಕಷ್ಟವಿದ್ದದ್ದು ಕರಗಿಸುವುದರಲ್ಲಲ್ಲ, ಒಂದರಂತೆ ಇನ್ನೊಂದನ್ನು ಮಾಡುವುದರಲ್ಲಿ. ಒಳಗೆ ಗಾಳಿ ಉಳಿದ ಗುಂಡು ಹೊರಗೆ ಚೆಂದವಾಗಿಯೇ ಕಾಣುತ್ತದೆ. ಹಿತ್ತಾಳೆ ತಾಟಿನಲ್ಲಿ ಉರುಳಿಸಿದರೆ ಮಾತ್ರ ಅದು ನೆಟ್ಟಗೆ ಹೋಗದೆ ತೊನೆಯುತ್ತದೆ. ಹುಡುಗನಾಗಿದ್ದ ಅಜ್ಜನಿಗೆ ಸಿಕ್ಕ ಕೆಲಸ ಅದೇ: ಉರುಳಿಸುವುದು, ತೊನೆದದ್ದನ್ನು ಮತ್ತೆ ಕರಗುವ ಪಾತ್ರೆಗೆ ಹಾಕುವುದು. “ಬಂದೂಕು ನನ್ನ ಕೈಗೆ ಕೊಟ್ಟಿದ್ದಿಲ್ಲ. ತಾಟು ಕೊಟ್ಟಿದ್ರು” ಎಂದ. ಎಪ್ಪತ್ತು ವರ್ಷದ ಮೇಲೂ ಆ ಮಾತಿನಲ್ಲಿ ಸ್ವಲ್ಪ ಮುನಿಸಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಬರೆದುಕೊಳ್ಳಬೇಡ ಎಂದನಲ್ಲ, ಆ ಹೆದರಿಕೆ ಅವನೊಬ್ಬನದಲ್ಲ. ಈ ಸೀಮೆಗೆ ಆಯುಧದ ಭಯ ಹಳೆಯದು. 1857ರಲ್ಲಿ ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ; ಊರೇ ಸುಟ್ಟುಹೋಯಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಅವರ ಲಾವಣಿಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಮರುವರ್ಷ ನಮ್ಮ ತಾಲ್ಲೂಕಿನ ಎದುರು ದಂಡೆಯ ಹಮ್ಮಿಗಿಯಲ್ಲಿ ಕೂಡಿಟ್ಟ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದವು. ಮುಂಡರಗಿ ಭೀಮರಾಯ ಹೊತ್ತಿಗೆ ಮುಂಚೆಯೇ ದಂಗೆ ಏಳಬೇಕಾಯಿತು. ಕೊಪ್ಪಳದ ಕೋಟೆಯಲ್ಲಿ ಸತ್ತ. ಆಮೇಲೆ 1878ರ ಆಯುಧ ಕಾಯ್ದೆ, ಸ್ವಾತಂತ್ರ್ಯದ ನಂತರ 1959ರದು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಅಲ್ಲಿ ಹಬ್ಬದ ಮಾತಾದದ್ದು ನಮ್ಮ ಬಯಲುಸೀಮೆಯಲ್ಲಿ ಪಿಸುಮಾತು.

ದೂರದ ಅಮೆರಿಕದಲ್ಲೂ ತಮ್ಮ ಗುಂಡು ತಾವೇ ಮಾಡಿಕೊಳ್ಳುವವರ ಒಂದು ಬಳಗವಿದೆ. ಯಾವ ಕಾರ್ಖಾನೆಯೂ ಮಾಡದ ಅಳತೆಯ ತೋಟಾಗಳಿಗೆ ಅವರು ‘ವೈಲ್ಡ್‌ಕ್ಯಾಟ್’ ಎನ್ನುತ್ತಾರೆ, ಅಂದರೆ ಕಾಡುಬೆಕ್ಕು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಗುಂಡು ಸಿಗದಾದಾಗ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಎಂಬಾತ ಹೊಡೆದು ಬಿಸಾಡಿದ .22 ತೋಟಾಗಳ ಖಾಲಿ ಚಿಪ್ಪುಗಳನ್ನೇ ಸೀಸಕ್ಕೆ ಹೊದಿಕೆ ಮಾಡುವ ಸಲಕರಣೆ ಕಟ್ಟಿದ. ರಾಕ್ ಚಕ್ ಎಂಬ ದೊಡ್ಡ ಅಳಿಲಿನಂಥ ಪ್ರಾಣಿಯನ್ನು ಹೊಡೆಯಲು ಮಾಡಿದ ಆ ಗುಂಡಿನ ಹೆಸರಿನಿಂದಲೇ ಆರ್‌ಸಿಬಿಎಸ್ ಕಂಪನಿ ಹುಟ್ಟಿತು. ಹವ್ಯಾಸಿಗಳು ಬಹುಕಾಲ ಕೈಯಾರೆ ಮಾಡಿಕೊಳ್ಳುತ್ತಿದ್ದ .22-250 ಎಂಬ ಕಾಡುಬೆಕ್ಕನ್ನು 1965ರಲ್ಲಿ ರೆಮಿಂಗ್ಟನ್ ಕಂಪನಿ ತಾನೇ ಮಾಡಿ ಮಾರತೊಡಗಿತು. ಅಂಗಡಿಯಲ್ಲಿ ಸಿಗುವುದನ್ನು ಮನೆಯಲ್ಲಿ ಕೂತು ಯಾರು ಮಾಡುತ್ತಾರೆ? ಅಲ್ಲಿ ಈ ಕೈಕೆಲಸದ ಜಾಗವನ್ನು ಕಾರ್ಖಾನೆ ತೆಗೆದುಕೊಂಡಿತು, ಇಲ್ಲಿ ಕಾನೂನು. ಆದರೆ ಹರಿದ ಬಲೆಯ ಸೀಸಕ್ಕೂ ಬಿಸಾಡಿದ ಚಿಪ್ಪಿಗೂ ನನಗೆ ಹೆಚ್ಚು ದೂರ ಕಾಣಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಈ ಕಸುಬು ಹೋಯಿತೆಂದು ನಾನು ಮರುಗಬೇಕೇ? ಆ ಗುಂಡುಗಳು ಬರೀ ಹಂದಿಯನ್ನು ಬೆದರಿಸಲಿಲ್ಲ. ಚಿಗರಿಗಳೂ ಬಿದ್ದವು, ಕರಡಿಗಳೂ ಬಿದ್ದವು. ಅಜ್ಜ ಅದನ್ನು ಮುಚ್ಚಿಡಲೂ ಇಲ್ಲ, ಕೊಚ್ಚಿಕೊಳ್ಳಲೂ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಾರದಿದ್ದರೆ ಹೊಳೆಯಾಚೆ ರಾಣೆಬೆನ್ನೂರಿನಲ್ಲಿ ಚಿಗರಿಗಳ ಧಾಮವಾಗಲಿ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಾಗಲಿ ಇರುತ್ತಿತ್ತೋ ಇಲ್ಲವೋ. ನಿಂತದ್ದು ಒಳ್ಳೆಯದೇ ಆಯಿತು. ಹಾಗೆಂದು ಹೊಲದ ಕಷ್ಟ ನಿಂತಿಲ್ಲ. ಜೋಳದ ಹೊಲಗಳು ಮೆಕ್ಕೆಜೋಳವಾಗಿವೆ, ಹಂದಿ ಬರುವುದು ತಪ್ಪಿಲ್ಲ. ಹೊಲದ ಸುತ್ತ ಹಳೇ ಸೀರೆ ಕಟ್ಟುತ್ತಾರೆ, ಪಟಾಕಿ ಹಾರಿಸುತ್ತಾರೆ. ಕೆಲವು ಕಡೆ ಕದ್ದು ತಂತಿಗೆ ಕರೆಂಟು ಕೊಡುತ್ತಾರೆ. ಅದಕ್ಕೆ ಹಂದಿ ಯಾವುದು, ಮನುಷ್ಯ ಯಾರು ಎಂಬುದು ತಿಳಿಯದು.

ಅಲ್ಲಿಗೆ ನನ್ನ ಉತ್ತರ ಸ್ವಲ್ಪ ಸ್ಪಷ್ಟವಾಯಿತು. ನನಗೆ ಬೇಕಾದದ್ದು ಬೇಟೆಯಲ್ಲ, ಆ ತಾಟು. ತನ್ನ ಕೈಯಿಂದ ಹೊರಡುವ ವಸ್ತು ಎಲ್ಲಿಗೆ ಹೋಗಿ ತಾಕುತ್ತದೆ ಎಂಬ ಹೊಣೆಯನ್ನು ಒಂದೊಂದೇ ಗುಂಡು ಉರುಳಿಸಿ ನೋಡಿ ಹೊರುತ್ತಿದ್ದ ಕೂಟ ಅದು. ಅದರ ಮಾತುಗಳು ಇನ್ನೂ ಬಾಯಲ್ಲಿವೆ. ಮದ್ದು ಎಂದರೆ ನಮ್ಮಲ್ಲಿ ಔಷಧವೂ ಹೌದು, ಸಿಡಿಯುವ ಪುಡಿಯೂ ಹೌದು. ಬಂದೂಕಿಗೆ ಕುದುರೆ ಇರುತ್ತದೆ, ಗಜ ಇರುತ್ತದೆ. ಅಚ್ಚಿನಿಂದ ಗುಂಡೂ ಬರುತ್ತದೆ, ಅಕ್ಷರವೂ ಬರುತ್ತದೆ. ಕನ್ನಡದ ಪುಸ್ತಕಗಳು ಬಹುಕಾಲ ಮೂಡಿದ್ದು ಸೀಸ ಬೆರೆಸಿ ಎರೆದ ಮೊಳೆಗಳಿಂದಲೇ ಅಲ್ಲವೇ.

ನನ್ನ ಪ್ರಬಂಧಕ್ಕೆ ಇದನ್ನು ಹೇಗೆ ಸೇರಿಸಲಿ ಎಂದು ಮಾರ್ಗದರ್ಶಕರನ್ನು ಕೇಳಿದೆ. ಮಾಹಿತಿದಾರರ ಹೆಸರು, ಊರು, ವಯಸ್ಸು ಇಲ್ಲದ ಪದಕ್ಕೆ ಆಧಾರವಿಲ್ಲ ಎಂದರು. ನ್ಯಾಯವೇ. ಇನ್ನೊಮ್ಮೆ ಹೋಗಿ ಅಜ್ಜನ ಮುಂದೆ ಕೂತು, ಯಾವುದನ್ನು ಬರೆಯಲಿ, ಯಾವುದನ್ನು ಬಿಡಲಿ ಎಂದು ಒಂದೊಂದಾಗಿ ಕೇಳಿದೆ. ಪದ ಬರಿ ಎಂದ. ಊರು ಬಿಡು ಎಂದ. ಮದ್ದಿನ ಅಳತೆ ಮಾತ್ರ ಬೇಡವೇ ಬೇಡ ಎಂದ. “ತಿಳಿಗೇಡಿ ಹುಡುಗ್ರು ಓದಿದ್ರ ಕೈ ಕಳಕೊಂಡಾವು.” ಪಟ್ಟಿಯಲ್ಲಿ ಹದಿನೇಳು ಪದ ಉಳಿದವು. ಮಾರ್ಗದರ್ಶಕರು ಒಪ್ಪದಿದ್ದರೆ ಅವು ಪ್ರಬಂಧದ ಹೊರಗೇ ಇರಲಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊಮ್ಮಗ ಅಚ್ಚನ್ನು ಗುಜರಿಗೆ ಹಾಕೋಣವೆನ್ನುತ್ತಾನಂತೆ. ಹಾಕಿದರೆ ಎಷ್ಟು ಬಂದೀತು ಎಂದು ಅಜ್ಜ ನನ್ನನ್ನೇ ಕೇಳಿದ. ಕಬ್ಬಿಣದ ತೂಕಕ್ಕೆ ಎಂದೆ. ಅಜ್ಜ ಅದನ್ನು ಅಂಗೈಯಲ್ಲಿಟ್ಟು ಒಮ್ಮೆ ತೂಗಿದ. “ಅರ್ಧ ಕೇಜಿನೂ ಇಲ್ಲ ಬಿಡು” ಎಂದು ಮತ್ತೆ ಒಳಗೆ ತಗೊಂಡು ಹೋದ.