ಪಲ್ಲಡಂನ ಕೋಳಿಮನೆಗಳು

ಕೊಯಮತ್ತೂರಿನಿಂದ ತಿರುಚಿನಾಪಳ್ಳಿಯ ಹೆದ್ದಾರಿ ಹಿಡಿದು ಹೋದರೆ ಪಲ್ಲಡಂ ಎಂಬ ಊರು ಸಿಕ್ಕುವುದು. ಬ್ರಾಯ್ಲರ್ ಕೋಳಿಯ ಸಾಕಣೆಗೆ ಇದು ಹೆಸರಾದ ಸೀಮೆ. ನಾವು ಕಂಡ ತೆರೆದ ಕೋಳಿಮನೆಗಳು ಪೂರ್ವಪಶ್ಚಿಮವಾಗಿ ನೀಳವಾಗಿರುವುವು. ಬಿಸಿಲು ನೇರವಾಗಿ ಒಳಹೊಗಬಾರದೆಂದು ಈ ಏರ್ಪಾಡು. ಇಬ್ಬದಿಯಲ್ಲೂ ಮೋಟುಗೋಡೆ, ಅದರ ಮೇಲೆ ಗಾಳಿಯಾಡಲು ತಂತಿಬಲೆ.

ಮೊದಲ ವಾರದ ಮರಿಗೆ ಸುಮಾರು 33 ಡಿಗ್ರಿ ಸೆಲ್ಸಿಯಸ್ ಕಾವು ಬೇಕು; ಬಲಿತ ಹಕ್ಕಿಗೆ ಅದೇ ಕಂಟಕ. ಕೋಳಿಗೆ ಬೆವರಿಲ್ಲವಷ್ಟೆ; ಸೆಕೆಯಲ್ಲಿ ಅದು ಬಾಯ್ದೆರೆದು ಏದುವುದು, ಮೇವು ಬಿಡುವುದು, ಬೆಳೆಯದೆ ಉಳಿಯುವುದು. ನೆಲದ ಹಾಸು ಹಿಡಿಯಲ್ಲಿ ಹಿಸುಕಿದಾಗ ಉಂಡೆಗಟ್ಟಿದರೆ ತೇವ ಹೆಚ್ಚೆಂದು ತಿಳಿಯಬೇಕು; ಅದರಿಂದೇಳುವ ಅಮೋನಿಯವು ಕಣ್ಣನ್ನೂ ಉಸಿರನ್ನೂ ಕೆಡಿಸುವುದು.

ಸಾಕುವವನ ಕೂಲಿ ಕೋಳಿಯ ತೂಕದ ಮೇಲೆ. ಆರು ವಾರದ ಆ ಬಾಳು ಹಸನಾದರೆ ಅವನ ಮನೆಯೊಲೆಯೂ ಉರಿಯುವುದು.