ಡಿ ಡ್ರೈವಿನಲ್ಲೊಂದು ಆರ್‌ಸಿಬಿ

ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’ ಗೇಮ್ ಮಾರುಕಟ್ಟೆಗೆ ಬಂದದ್ದು 2006ರ ನವೆಂಬರಿನಲ್ಲಿ. ಐಪಿಎಲ್‌ನ ಮೊದಲ ಚೆಂಡು ಬಿದ್ದದ್ದು 2008ರ ಏಪ್ರಿಲ್ 18ರಂದು, ನಮ್ಮ ಚಿನ್ನಸ್ವಾಮಿಯಲ್ಲೇ. ಅಂದಮೇಲೆ ಆ ಗೇಮಿನಲ್ಲಿ ಆರ್‌ಸಿಬಿ ಇರಲು ಸಾಧ್ಯವೇ ಇಲ್ಲ. ಆದರೂ ಇದೆ. ಅಸಲಿ ಆರ್‌ಸಿಬಿ 2025ರ ಜೂನಿನಲ್ಲಿ ಅಹಮದಾಬಾದಿನಲ್ಲಿ ಕಪ್ ಎತ್ತುವುದಕ್ಕೆ ಎಷ್ಟೋ ವರ್ಷ ಮೊದಲೇ ದಾವಣಗೆರೆಯ ನಮ್ಮ ಹಾಸ್ಟೆಲಿನಲ್ಲಿ ಅದು ವಾರಕ್ಕೊಮ್ಮೆ ಕಪ್ ಗೆಲ್ಲುತ್ತಿತ್ತು. ಈಸಿ ಲೆವೆಲ್‌ನಲ್ಲಿ ಎಂಬುದು ಬೇರೆ ಮಾತು.

ಇದೆಲ್ಲ ಪ್ಯಾಚ್‌ನ, ಅಂದರೆ ಗೇಮಿನ ರೂಪ ಬದಲಿಸಲು ಅಭಿಮಾನಿಗಳೇ ಮಾಡಿ ಹಂಚುವ ಫೈಲುಗಳ ಮಹಿಮೆ. ನಮ್ಮ ಸೀನಿಯರ್ ಒಬ್ಬರು ಬೆಂಗಳೂರಿಗೆ ಹೋಗಿಬಂದಾಗಲೆಲ್ಲ ಪೆನ್‌ಡ್ರೈವಿನಲ್ಲಿ ಹೊಸದೇನಾದರೂ ತುಂಬಿಕೊಂಡು ಬರುತ್ತಿದ್ದರು. “ಲೇ, ಐಪಿಎಲ್ ಪ್ಯಾಚ್ ತಂದೀನಿ, ಮೊದ್ಲು ಚಾ ಹೇಳು” ಎಂದು ಬಾಗಿಲಲ್ಲೇ ಕೂಗುವರು. ಅಲ್ಲಿಯವರೆಗೆ ನಾವು ಕಂಪನಿ ಕೊಟ್ಟ ಭಾರತ ತಂಡದ ಜೊತೆಯೇ ಏಗಬೇಕಿತ್ತು. ನಮ್ಮ ತಂಡಕ್ಕೆ ಕಂಪನಿ ಪರವಾನಗಿ ಪಡೆದಿರಲಿಲ್ಲವಾದ್ದರಿಂದ ಆಟಗಾರರ ಹೆಸರುಗಳಲ್ಲಿ ಅಕ್ಷರ ಅದಲುಬದಲಾಗಿದ್ದವು. ಅವನ್ನು ಸರಿಪಡಿಸಲು ಗೇಮಿನಲ್ಲೇ ಒಂದು ಎಡಿಟರ್ ಇತ್ತು. ಜೆರ್ಸಿ, ಬ್ಯಾಟು, ಸ್ಟೇಡಿಯಂ ಬದಲಾಯಿಸಬೇಕೆಂದರೆ ಮಾತ್ರ ಪ್ಯಾಚೇ ಗತಿ. ಇಎ ಆಮೇಲೆ ಇನ್ನೊಂದು ಕ್ರಿಕೆಟ್ ಗೇಮ್ ಮಾಡಲೇ ಇಲ್ಲ. ಮಾಡಿದ್ದರೆ ನಾವೂ ಹೊಸದನ್ನು ಕೊಂಡು ಹಳೆಯದನ್ನು ಮರೆಯುತ್ತಿದ್ದೆವೇನೋ.

ಗೇಮುಗಳಿಗೆ ಹೀಗೆ ಕೈಹಾಕುವ ಚಟ ಹಳೆಯದು. 1992ರ ‘ವೂಲ್ಫನ್‌ಸ್ಟೈನ್ 3ಡಿ’ಯನ್ನು ಆಡಿದವರು ಸುಮ್ಮನೆ ಕೂರಲಿಲ್ಲ, ಅದರ ಫೈಲುಗಳನ್ನೇ ಕೆದಕಿ ಚಿತ್ರ, ಸದ್ದು ಎಲ್ಲವನ್ನೂ ಬದಲಿಸಿದರು. ಹೊಸದು ಬಂದು ಕೂತಲ್ಲಿ ಮೂಲ ಅಳಿಸಿಹೋಗುತ್ತಿತ್ತು. ಗೇಮ್ ಬರೆದಿದ್ದ ಜಾನ್ ಕಾರ್ಮ್ಯಾಕ್ ಇದನ್ನು ನೋಡಿ ಬೀಗ ಜಡಿಯುವ ಬದಲು ಬಾಗಿಲು ಮಾಡಿಕೊಟ್ಟ. 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ನಲ್ಲಿ ಗೇಮಿನ ಎಂಜಿನ್ ಒಂದು ಕಡೆ, ಚಿತ್ರ-ನಕ್ಷೆ-ಸದ್ದುಗಳೆಲ್ಲ ವ್ಯಾಡ್ ಎಂಬ ಫೈಲಿನಲ್ಲಿ ಇನ್ನೊಂದು ಕಡೆ. ನೀವು ಮಾಡಿದ ವ್ಯಾಡ್ ಅನ್ನು ಪಕ್ಕದಲ್ಲಿಟ್ಟು ಹೆಸರು ಹೇಳಿದರೆ ಗೇಮ್ ಅದನ್ನೇ ಓದಿಕೊಳ್ಳುತ್ತಿತ್ತು. ಮೂಲಕ್ಕೆ ಕೂದಲೂ ಕೊಂಕದು. ಬಿಟ್ಟಿಯಾಗಿ ಹಂಚಿದ್ದ ಶೇರ್‌ವೇರ್ ಆವೃತ್ತಿಯಲ್ಲಿ ಇದು ನಡೆಯುತ್ತಿರಲಿಲ್ಲ. ಪ್ರಯತ್ನಿಸಿದರೆ ದುಡ್ಡು ಕೊಟ್ಟು ಪೂರ್ತಿ ಗೇಮ್ ತಗೊಳ್ಳಿ ಎಂಬರ್ಥದ ಸಂದೇಶ ತೋರಿಸಿ ನಿಂತುಬಿಡುತ್ತಿತ್ತು. ಉದಾರತೆಯೂ ಹೌದು, ವ್ಯಾಪಾರವೂ ಹೌದು! ಆಮೇಲೆ 1999ರಲ್ಲಿ ಇಬ್ಬರು ಹುಡುಗರು ‘ಹಾಫ್-ಲೈಫ್’ ಗೇಮನ್ನು ಹೀಗೇ ತಿದ್ದಿ ಮಾಡಿದ ‘ಮಾಡ್’ ಒಂದು ‘ಕೌಂಟರ್-ಸ್ಟ್ರೈಕ್’ ಆಗಿ ಬೆಳೆದು, ನಮ್ಮ ಸೈಬರ್ ಕೆಫೆಗಳನ್ನೆಲ್ಲ ತುಂಬಿಬಿಟ್ಟಿತು.

ಕ್ರಿಕೆಟ್ 07ರವರು ಅಂಥ ಬಾಗಿಲನ್ನೇನೂ ಇಟ್ಟಿರಲಿಲ್ಲ. ನಮ್ಮ ಪುಣ್ಯ, ಇಎ ಸೋಂಬೇರಿತನದಿಂದಲೋ ಜಾಣತನದಿಂದಲೋ ತನ್ನ ಫುಟ್‌ಬಾಲ್ ಗೇಮಿಗೂ ಕಾರು ರೇಸಿಗೂ ಕ್ರಿಕೆಟ್ಟಿಗೂ ಒಂದೇ ಬಗೆಯ ಫೈಲುಗಳನ್ನು ಬಳಸುತ್ತಿತ್ತು. ದೊಡ್ಡ ಗಂಟಿಗೆ ಬಿಗ್ ಫೈಲು, ಅದರೊಳಗಿನ ಚಿತ್ರಗಳಿಗೆ ಎಫ್‌ಎಸ್‌ಎಚ್ ಫೈಲು. ಆ ಗಂಟು ಬಿಚ್ಚುವುದನ್ನು ಫುಟ್‌ಬಾಲ್, ರೇಸ್ ಗೇಮುಗಳ ಹುಚ್ಚರೂ ಕಲಿತಿದ್ದರು, ಕ್ರಿಕೆಟ್ ಹುಚ್ಚರೂ ಕಲಿತರು.

ಈಚೆಗೆ ಅಕ್ಕನ ಮಗ ರಜೆಗೆ ಬಂದಿದ್ದಾಗ ಈ ವಿದ್ಯೆಯನ್ನು ಮತ್ತೆ ಹೊರತೆಗೆಯಬೇಕಾಯಿತು. ಹಳೇ ಸಿಡಿಯನ್ನು ಅವನೇ ಅಟ್ಟದಿಂದ ಹುಡುಕಿ ತೆಗೆದಿದ್ದ. ಗೇಮ್ ಹಾಕಿಕೊಟ್ಟೆ. ತಂಡಗಳ ಪಟ್ಟಿಯನ್ನು ಮೇಲೆ ಕೆಳಗೆ ಮಾಡಿ, “ಮಾಮಾ, ಇದ್ರಾಗೆ ಆರ್‌ಸಿಬಿ ಎಲ್ಲೈತಿ?” ಅಂದ.

ಪ್ಯಾಚ್ ಹಾಕಲು ಕೂತೆ. ಮೊದಲು ಗೇಮನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಿಂದ ಕಿತ್ತು ಡಿ ಡ್ರೈವಿಗೆ ಹಾಕಿದೆ. ಇದು ಯಾಕೆಂದು ಗೊತ್ತಿಲ್ಲದೆ ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದಾರೆ. ವಿಂಡೋಸ್ ವಿಸ್ತಾ ಬಂದಾಗಿನಿಂದ ಪ್ರೋಗ್ರಾಂ ಫೈಲ್ಸ್‌ಗೆ ಕಾವಲಿದೆ. ಹಳೇ ಪ್ರೋಗ್ರಾಂ ಒಂದು ಅಲ್ಲೇನಾದರೂ ಬರೆಯಲು ಹೋದರೆ ವಿಂಡೋಸ್ ಬೇಡ ಅನ್ನುವುದಿಲ್ಲ, ಸದ್ದಿಲ್ಲದೆ ಅದನ್ನು ವರ್ಚುವಲ್‌ಸ್ಟೋರ್ ಎಂಬ ಬೇರೆ ಫೋಲ್ಡರಿಗೆ ಸಾಗಹಾಕುತ್ತದೆ. ಮುಂದೆ ನೀವು ಒಂದು ಕಡೆ ಪೇಸ್ಟ್ ಮಾಡುತ್ತೀರಿ, ಗೇಮ್ ಇನ್ನೊಂದು ಕಡೆಯಿಂದ ಓದುತ್ತದೆ, ಕೊಹ್ಲಿ ಹಳೇ ಜೆರ್ಸಿಯಲ್ಲೇ ಬರುತ್ತಾನೆ. ಎರಡನೆಯ ಕೆಲಸ, ಇಡೀ ಫೋಲ್ಡರಿನ ಇನ್ನೊಂದು ಪ್ರತಿ. ಇಲ್ಲಿ ಡೂಮ್‌ನ ಸೌಕರ್ಯ ಇಲ್ಲ. ಹೆಚ್ಚಿನ ಪ್ಯಾಚುಗಳು ವೂಲ್ಫನ್‌ಸ್ಟೈನ್ ಕಾಲದವರ ಹಾಗೆ ಮೂಲದ ಮೇಲೆಯೇ ಬಂದು ಕೂರುತ್ತವೆ. ‘ರೀಪ್ಲೇಸ್ ಮಾಡಲೇ?’ ಎಂದು ಕಂಪ್ಯೂಟರ್ ಒಮ್ಮೆ ಕೇಳುತ್ತದೆ, ಹೂಂ ಅಂದರೆ ಮುಗೀತು.

ಜೆರ್ಸಿಯ ಫೈಲನ್ನು ಬಿಚ್ಚಿ ಹುಡುಗನಿಗೆ ತೋರಿಸಿದೆ. ಪರದೆಯ ಮೇಲೆ ಮನುಷ್ಯ ಇರಲಿಲ್ಲ. ದರ್ಜಿ ಕತ್ತರಿಸಿ ಹರವಿಟ್ಟ ಬಟ್ಟೆಯ ಹಾಗೆ ಎದೆಯ ಭಾಗ ಒಂದು ಕಡೆ, ಬೆನ್ನು ಇನ್ನೊಂದು ಕಡೆ, ತೋಳುಗಳು ಮೂಲೆಯಲ್ಲಿ. ಜಾಹೀರಾತಿನ ಅಕ್ಷರಗಳನ್ನು ಯಾರೋ ಚುಕ್ಕಿ ಚುಕ್ಕಿಯಾಗಿ ತಿದ್ದಿದ್ದರು. ಕಂಕುಳ ಹತ್ತಿರ ಹೊಲಿಗೆಯ ಗೆರೆಗೂ ನೆರಳು ಕೊಟ್ಟಿದ್ದರು. ಬೌಲರ್ ಕೈ ಎತ್ತಿದಾಗ ಅರೆಗಳಿಗೆ ಕಂಡು ಮರೆಯಾಗುವ ಜಾಗ ಅದು. ಹುಡುಗ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದ. “ಇದನ್ನು ಮಾಡಿದೋರಿಗೆ ಸಂಬಳ ಎಷ್ಟು?” ಎಂದು ಕೇಳಿದ. ಸೊನ್ನೆ ಅಂದರೆ ನಂಬಲೇ ಇಲ್ಲ.

ಸ್ಟೇಡಿಯಂ ಆಯಿತು, ಬ್ಯಾಟಿನ ಸ್ಟಿಕ್ಕರ್ ಆಯಿತು, ಆಟಗಾರರ ಪಟ್ಟಿಯಿರುವ ರೋಸ್ಟರ್ ಫೈಲನ್ನು ಡಾಕ್ಯುಮೆಂಟ್ಸ್‌ಗೆ ಹಾಕಿದ್ದಾಯಿತು. ಇಷ್ಟೆಲ್ಲ ಬದಲಾದರೂ ನಮ್ಮ ಪ್ಯಾಚ್ ಮುಟ್ಟದೆ ಬಿಟ್ಟದ್ದು ಕಾಮೆಂಟರಿ. ಮಾರ್ಕ್ ನಿಕೋಲಸ್ ಜೊತೆ ರಿಚಿ ಬೆನೋ ಮಾತಾಡಿದ್ದಾರೆ. ಬೆನೋ ತೀರಿಕೊಂಡದ್ದು 2015ರ ಏಪ್ರಿಲಿನಲ್ಲಿ. ಆಗ ಚಡ್ಡಿ ಹಾಕಿಕೊಂಡು ಗಲ್ಲಿಯಲ್ಲಿ ಆಡುತ್ತಿದ್ದ ಹುಡುಗರು ಈಗ ಐಪಿಎಲ್ ತಂಡ ಸೇರಿ ಸಿಕ್ಸರ್ ಹೊಡೆಯುತ್ತಾರೆ, ಬೆನೋ ಅದೇ ತಣ್ಣನೆಯ ದನಿಯಲ್ಲಿ ಮೆಚ್ಚಿಕೊಳ್ಳುತ್ತಾರೆ. ಹೊಸ ಗೇಮುಗಳ ಗ್ರಾಫಿಕ್ಸ್ ಎಷ್ಟೇ ಮಿಂಚಲಿ, ಈ ಭಾಗ್ಯ ಅವುಗಳಿಗಿಲ್ಲ ಎಂಬುದು ನನ್ನ ಪಕ್ಷಪಾತದ ತೀರ್ಪು.

ನಿಮ್ಮ ಮನೆಯಲ್ಲೂ ಹಳೇ ಸಿಡಿ ಇದ್ದು ಹಾಕುವ ಮನಸ್ಸಾದರೆ ಡಿ ಡ್ರೈವಿಗೇ ಹಾಕಿ, ಮೂಲದ ಪ್ರತಿ ಇಟ್ಟುಕೊಳ್ಳಿ, ನಂಬಿಕೆಯಿಲ್ಲದ ಕಡೆಯಿಂದ ಬಂದ ಪ್ಯಾಚಿಗೆ ಆ್ಯಂಟಿವೈರಸ್ ಆಫ್ ಮಾಡಬೇಡಿ. ಪ್ಯಾಚಿನ ಜೊತೆ ರೀಡ್‌ಮಿ ಎಂಬ ಪುಟ್ಟ ಫೈಲು ಬಂದಿದ್ದರೆ ಅದನ್ನು ಪೂರ್ತಿ ಓದಿ. ಕಂಕುಳ ಹೊಲಿಗೆಗೆ ನೆರಳು ಕೊಟ್ಟವರ ಹೆಸರು ಇದ್ದರೆ ಅಲ್ಲೇ ಇರುತ್ತದೆ.